ಹಾಸು ಒಣಗುವ ತನಕ

ಕಂಬಳಿ ನೇಯುವವರ ಕಸುಬಿನಲ್ಲಿ ಒಬ್ಬನ ಕೈಯಲ್ಲಿ ಆಗದ ಕೆಲಸ ಒಂದೇ ಒಂದು. ಉದ್ದಕ್ಕೆ ಬರುವ ನೂಲನ್ನು, ಅಂದರೆ ಹಾಸನ್ನು, ಬೀದಿಯಲ್ಲಿ ಎರಡು ಗೂಟಗಳ ನಡುವೆ ಎದೆಮಟ್ಟಕ್ಕೆ ಬಿಗಿದು, ಹುಣಸೆಬೀಜದ ಗಂಜಿ ಬಳಿದು, ಒಣಗುವ ತನಕ ಕುಂಚದಿಂದ ಬಾಚುತ್ತಲೇ ಇರಬೇಕು. ಕೈ ನಿಂತರೆ ಎಳೆಗೆ ಎಳೆ ಅಂಟಿಕೊಂಡು ತಿಂಗಳುಗಟ್ಟಲೆ ಹೆಂಗಸರು ನೂತ ಉಣ್ಣೆ ಹಾಳು. ಆದ್ದರಿಂದ ಆಚೆ ಬದಿಗೊಬ್ಬ, ಈಚೆ ಬದಿಗೊಬ್ಬ ನಿಂತು, ಒಂದೇ ಹೆಜ್ಜೆಯಲ್ಲಿ ನಡೆಯುತ್ತ ಬಾಚುತ್ತಾರೆ. ತುರುವನೂರಿನ ಓಬಣ್ಣ ಐದು ವರ್ಷದಿಂದ ಇದನ್ನು ಒಬ್ಬನೇ ಮಾಡುತ್ತಿದ್ದ. ಈ ಬದಿ ಮುಗಿಸಿ ಗೂಟ ಸುತ್ತಿ ಆ ಬದಿಗೆ ಓಡುವುದು, ಅಲ್ಲಿಂದ ಮತ್ತೆ ಇಲ್ಲಿಗೆ. ಬೀದಿಯವರು ಸಹಾಯಕ್ಕೆ ಬಂದರೆ ಬೇಡ ಎನ್ನುತ್ತಿದ್ದ. ಅವನ ಕಂಬಳಿಗಳಲ್ಲಿ ಒಂದು ಅಂಚು ಯಾವಾಗಲೂ ಸ್ವಲ್ಪ ಒರಟಾಗಿರುತ್ತಿತ್ತು.

ಮೊದಲು ಆ ಬದಿಯಲ್ಲಿ ಮಾರಪ್ಪ ನಿಲ್ಲುತ್ತಿದ್ದ. ಎರಡು ಮನೆ ಆಚೆಯವನು, ಓಬಣ್ಣನಿಗಿಂತ ಆರು ತಿಂಗಳು ದೊಡ್ಡವನು, ಒಂದು ಗೇಣು ಎತ್ತರದವನು, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರಲು ಒಲ್ಲದವನು. ಇದ್ದಿಲ ಚೂರು ಸಿಕ್ಕರೆ ಗೋಡೆ ಬಿಡುತ್ತಿರಲಿಲ್ಲ. ಆದರೆ ಓಬಣ್ಣ ಹಾಸು ಬಿಗಿದ ದಿನ ಕರೆಯದೆಯೇ ಬಂದು ಕುಂಚ ಹಿಡಿಯುತ್ತಿದ್ದ. ಇಬ್ಬರು ಗಂಡಸರು ಬೆಳಗಿನಿಂದ ಮಧ್ಯಾಹ್ನದವರೆಗೆ ಒಬ್ಬರ ಮುಖ ಒಬ್ಬರು ನೋಡುತ್ತ ಇರುವುದಕ್ಕೆ ಆ ಊರಿನಲ್ಲಿ ಬೇರೆ ಯಾವ ನೆಪವೂ ಇರಲಿಲ್ಲ. ಇದನ್ನು ಮಾತ್ರ ಯಾರೂ ಏನೆಂದು ಕೇಳುತ್ತಿರಲಿಲ್ಲ. ಹಾಸಿನ ನಡುವಿಗೆ ಬಂದಾಗ ಇಬ್ಬರ ಕುಂಚಗಳೂ ಕೂಡುತ್ತಿದ್ದವು, ಬೆರಳ ಗಿಣ್ಣು ತಾಗುತ್ತಿತ್ತು. ಇಬ್ಬರೂ ಕೈ ಹಿಂದೆಗೆಯಲು ಆತುರ ಮಾಡುತ್ತಿರಲಿಲ್ಲ. ಒಮ್ಮೆ ಮಾರಪ್ಪನ ಹುಬ್ಬಿನ ಮೇಲೆ ಗಂಜಿ ಸಿಡಿದಿತ್ತು. ಓಬಣ್ಣ ಕೈ ಚಾಚಿ ಹೆಬ್ಬೆರಳಲ್ಲಿ ಅದನ್ನು ಒರೆಸಿದ. ಆ ಬೆರಳನ್ನು ಅವನು ಆ ದಿನ ತೊಳೆಯಲಿಲ್ಲ.

"ಒಣಗ್ತೇನಲೇ?" ಎಂದು ಮಾರಪ್ಪ ಗಳಿಗೆಗೊಮ್ಮೆ ಕೇಳುತ್ತಿದ್ದ.

"ಇನ್ನೂ ಹಸಿ ಐತೆ, ನಡಿ."

"ಸುಳ್ಳು ಬೊಗಳ್ತೀಯ. ಆವಾಗ್ಲೇ ಒಣಗೈತೆ."

"ಒಣಗಿದ್ರೆ ಮನೆಗೆ ಹೋಗು. ಯಾರು ಹಿಡ್ಕಂಡವ್ರೆ?"

ಮಾರಪ್ಪ ಹೋಗುತ್ತಿರಲಿಲ್ಲ.

ಎಪ್ಪತ್ತೆರಡನೆಯ ಇಸವಿಯಲ್ಲಿ ಅವನು ದುರ್ಗಕ್ಕೆ ಹೋಗಿ ಬೋರ್ಡು ಬರೆಯುವವನೊಬ್ಬನ ಬಳಿ ಸೇರಿದ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಂದು ಸುತ್ತಿ ಅಂಗಡಿಗಳ ಹೆಸರು, ಗೋಡೆಗಳ ಮೇಲೆ ಬೀಡಿ ಸೋಪುಗಳ ಜಾಹೀರಾತು ಬರೆಯುವ ಕೆಲಸ. ವಾರಕ್ಕೊಮ್ಮೆ ತುರುವನೂರಿನ ಬಸ್ಸಿನ ಕಂಡಕ್ಟರ್ ಮೂರ್ತಪ್ಪನ ಕೈಯಲ್ಲಿ ಓಬಣ್ಣನಿಗೆ ಒಂದು ಸುರುಳಿ ಬರುತ್ತಿತ್ತು. ಹಳೆಯ ಕ್ಯಾಲೆಂಡರಿನ ಹಾಳೆ. ಅದರ ಬೆನ್ನಿನಲ್ಲಿ ನಾಲ್ಕು ಚೌಕ, ಚೌಕದೊಳಗೆ ಚಿತ್ರ, ಚಿತ್ರದವರ ಬಾಯಿಂದ ಹೊರಟ ಗುಳ್ಳೆಯಲ್ಲಿ ಮಾತು. ಇಬ್ಬರು ಕುರಿ ಕಾಯುವವರ ಕಥೆ. ಒಬ್ಬ ಉದ್ದ, ಒಬ್ಬ ಗಿಡ್ಡ. ಕೆರೆಯ ಬಳಿ ಇಬ್ಬರ ಕುರಿಗಳೂ ಬೆರೆತುಹೋಗುತ್ತವೆ. ಯಾರ ಕುರಿ ಯಾವುದೆಂದು ಬೇರೆ ಮಾಡಲು ಕೂತವರು ವಾರಗಟ್ಟಲೆ ಬೇರೆ ಮಾಡುತ್ತಲೇ ಇರುತ್ತಾರೆ. ಬೇಕೆಂದೇ ತಪ್ಪು ಲೆಕ್ಕ ಹಾಕುತ್ತಾರೆ ಎಂಬುದು ನೋಡಿದವರಿಗೆ ತಿಳಿಯುವಂತಿತ್ತು. ಒಂದು ಹಾಳೆಯಲ್ಲಿ ಮಳೆ. ಬಯಲಿನ ನಡುವೆ ತಲೆ ಮುಚ್ಚಿ ಹೊದ್ದ ಒಂದೇ ಕಂಬಳಿಯ ಕೊಪ್ಪೆ, ಅದರ ಕೆಳಗೆ ನಾಲ್ಕು ಪಾದ. ಮಾತಿನ ಗುಳ್ಳೆ ಇರಲಿಲ್ಲ.

ಆ ಹಾಳೆ ಓಬಣ್ಣನ ಅಕ್ಕ ಸಿದ್ದಕ್ಕನ ಕೈಗೆ ಸಿಕ್ಕಿತು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ತಮ್ಮನ ಮಗ್ಗಕ್ಕೆ ನೂಲು ನೂಲುತ್ತಿದ್ದವಳು. ಅವಳು ಹಾಳೆಯನ್ನು ಅತ್ತಿತ್ತ ತಿರುಗಿಸಿ ನೋಡಿದಳು.

"ಇದ್ಯಾವ ಪ್ರಾಣಿ ಕಣೋ, ನಾಲ್ಕು ಕಾಲಿಂದು?"

"ಮಾರ ಬರ್ದಿರಾದು. ಕಥೆ."

"ಕಥೆಯಾಗೆ ಹೆಣ್ಣಿಲ್ಲೇನು?"

ಓಬಣ್ಣ ಹಾಳೆಗೆ ಕೈ ಚಾಚಿದ. ಸಿದ್ದಕ್ಕ ಹಾಳೆಯನ್ನು ಮೊದಲಿದ್ದಂತೆಯೇ ಸುತ್ತಿ ಕೊಟ್ಟಳು. ಹರಿಯಬ್ಬೆಯ ಕಡೆ ಒಂದು ಹೆಣ್ಣು ನೋಡಬೇಕೆಂದು ಅವಳು ಆಗಾಗ ಎತ್ತುತ್ತಿದ್ದ ಮಾತನ್ನು ಅಂದಿನಿಂದ ಎತ್ತಲಿಲ್ಲ.

ಎಪ್ಪತ್ತಮೂರರ ಆಷಾಢದಲ್ಲಿ ಬಂದ ಹಾಳೆಯಲ್ಲಿ ಮೂರೇ ಚೌಕ ತುಂಬಿದ್ದವು. ಮೊದಲನೆಯದರಲ್ಲಿ ಹುಬ್ಬಳ್ಳಿ ಎಂದು ಬೋರ್ಡು ಹಾಕಿಕೊಂಡ ಬಸ್ಸು. ಎರಡನೆಯದರಲ್ಲಿ ಕಿಟಕಿಯ ಪಕ್ಕ ಕೂತ ಉದ್ದನೆಯವನು. ಮೂರನೆಯದರಲ್ಲಿ ಅವನ ಪಕ್ಕದ ಸೀಟು, ಸೀಟು ಹಿಡಿಯಲು ಹಾಕಿದ ಟವೆಲ್ಲು. ನಾಲ್ಕನೆಯ ಚೌಕ ಖಾಲಿ. ಕೆಳಗೆ ಬರೆದಿತ್ತು: ‘ಹುಬ್ಬಳ್ಳಿಯಾಗೆ ಸಿನಿಮಾ ಬೋರ್ಡಿನ ಕೆಲಸ ಸಿಕ್ಕೈತೆ. ಒಂದು ರೂಮೂ ಐತೆ, ಮಗ್ಗ ಹಿಡಿಸೋವಷ್ಟು ದೊಡ್ಡದು. ಅಲ್ಲಿ ಯಾರೂ ಯಾರನ್ನೂ ಕೇಳಲ್ಲ. ಗುರುವಾರ ಹನ್ನೆರಡಕ್ಕೆ ದುರ್ಗದ ಬಸ್‌ಸ್ಟ್ಯಾಂಡಿಗೆ ಬಾ. ಹೋಗಾಣ. ಟವೆಲ್ ಹಾಕಿರ್ತೀನಿ.’

ತುರುವನೂರಿನಿಂದ ಹತ್ತು ಗಂಟೆಗೆ ಮೂರ್ತಪ್ಪನ ಬಸ್ಸಿತ್ತು. ಗುರುವಾರ ಬೆಳಿಗ್ಗೆ ಓಬಣ್ಣ ಬೀದಿಯಲ್ಲಿ ಹಾಸು ಬಿಗಿದು ಗಂಜಿ ಬಳಿದ. ಎಂಟೂವರೆಗೆ ಒಣಗುತ್ತದೆ, ಬಿಚ್ಚಿಟ್ಟು ಹೊರಡುತ್ತೇನೆ ಎಂದುಕೊಂಡ. ಬೇಸಿಗೆಯಾಗಿದ್ದರೆ ಒಣಗುತ್ತಿತ್ತೇನೋ. ಆಷಾಢದ ಮೋಡ, ತೇವದ ಗಾಳಿ. ಒಂಬತ್ತಾದರೂ ಉಣ್ಣೆ ಕೈಗೆ ಅಂಟುತ್ತಿತ್ತು. ಆಚೆ ಬದಿಯಲ್ಲಿ ಪಕ್ಕದ ಮನೆಯ ದೊಡ್ಡತಿಮ್ಮಪ್ಪ ಎಲೆ ಅಡಿಕೆ ಜಗಿಯುತ್ತ ಬಾಚುತ್ತಿದ್ದ. ಹತ್ತಕ್ಕೆ ಬಸ್ಸು ಬಂದು ಬೀದಿಯ ತುದಿಯಲ್ಲಿ ನಿಂತಿತು. ಮೂರ್ತಪ್ಪ ಫುಟ್‌ಬೋರ್ಡಿನಿಂದಲೇ ಕೂಗಿದ.

"ಏನಪ್ಪ ಓಬಣ್ಣ, ಬರ್ತೀಯೇನು? ನಿಮ್ಮ ಆರ್ಟಿಸ್ಟು ನಿನ್ನ ಕರ್ಕಂಡೇ ಬಾ ಅಂದವ್ನೆ!"

"ಹಸಿ ಐತೆ ಮೂರ್ತಣ್ಣ. ಬಿಟ್ಟು ಬರಾಕಾಗಲ್ಲ."

"ಹೋಗು ಮಾರಾಯ, ನಾನು ನೋಡ್ಕಂತೀನಿ," ಎಂದ ದೊಡ್ಡತಿಮ್ಮಪ್ಪ.

"ಒಬ್ಬರ ಕೈಲಿ ಆಗಲ್ಲ," ಎಂದ ಓಬಣ್ಣ.

ಮೂರ್ತಪ್ಪ ಎರಡು ನಿಮಿಷ ಕಾದ. ಆಮೇಲೆ ಸೀಟಿ ಊದಿದ. ಬಸ್ಸು ಹೋಯಿತು. ಹಾಸು ಒಣಗಿದ್ದು ಹನ್ನೊಂದೂವರೆಗೆ.

ಸಂಜೆಯ ಟ್ರಿಪ್ಪಿನಲ್ಲಿ ಮೂರ್ತಪ್ಪ ಬಸ್ಸಿಳಿದು ಓಬಣ್ಣನ ಜಗುಲಿಗೆ ಬಂದು ಕೂತ. "ಹುಬ್ಬಳ್ಳಿ ಬಸ್ಸಿನಾಗೆ ಆ ಸೀಟಿಗೆ ಒಬ್ಬ ಅಜ್ಜಿ ಜಗಳಕ್ಕೇ ನಿಂತ್ಳು ಕಣಪ್ಪ. ಟವೆಲ್ ತೆಗಿ ಅಂತ ಅವಳು, ಆಳು ಬರ್ತಾನೆ ಅಂತ ಇವನು. ಬಸ್ಸು ಸ್ಟ್ಯಾಂಡು ದಾಟೋತಂಕ ತೆಗೀಲಿಲ್ಲ." ಅಷ್ಟು ಹೇಳಿ ನೀರು ಕುಡಿದು ಎದ್ದುಹೋದ.

ಹಾಳೆಗಳು ನಿಂತವು. ಓಬಣ್ಣ ಅವನ್ನೆಲ್ಲ ಮಗ್ಗದ ಕುಣಿಯ ಗೂಡಿನಲ್ಲಿ, ಕಾಲಿಗೆ ತಾಗುವ ಜಾಗದಲ್ಲಿ ಇಟ್ಟ. ಕಂಬಳಿ ಮಾರಲು ಹೋಗುವ ಸಂತೆಗಳನ್ನು ಅವನು ಗಿರಾಕಿ ನೋಡಿ ಆರಿಸುತ್ತಿರಲಿಲ್ಲ, ಗೋಡೆ ನೋಡಿ ಆರಿಸುತ್ತಿದ್ದ. ಹಿರಿಯೂರಿನ ಸಂತೆಯ ಹಿಂದೆ ಮಾರಪ್ಪ ಬರೆದ ಬೀಡಿಯ ಗೋಡೆಯಿತ್ತು. ಹೊಳಲ್ಕೆರೆಯಲ್ಲಿ ಹೋಟೆಲಿನ ಬೋರ್ಡು. ಅಕ್ಷರಗಳ ಬಾಲವನ್ನು ಕುರಿಯ ಬಾಲದಂತೆ ಗಿಡ್ಡಕ್ಕೆ ಸುತ್ತುವುದು ಅವನೊಬ್ಬನ ಕೈ. ಓಬಣ್ಣ ಗೋಡೆಯ ಎದುರಿಗೇ ಕಂಬಳಿ ಹರಡಿ ದಿನವಿಡೀ ಕೂರುತ್ತಿದ್ದ. ಬಿಸಿಲಿಗೆ ವರ್ಷ ವರ್ಷವೂ ಬಣ್ಣ ಮಾಸಿತು. ಎಪ್ಪತ್ತೆಂಟರಲ್ಲಿ ಹೊಸದುರ್ಗಕ್ಕೆ ಹೋದಾಗ ಅಲ್ಲಿ ಮಾರಪ್ಪ ಬರೆದಿದ್ದ ಗೋಡೆಗೆ ಸುಣ್ಣ ಬಳಿದಿದ್ದರು. ಓಬಣ್ಣ ಕಂಬಳಿಯ ಗಂಟು ಬಿಚ್ಚದೆ ಮಧ್ಯಾಹ್ನದ ಬಸ್ಸಿಗೇ ಊರಿಗೆ ಬಂದ.

ಗಂಟು ಹಾಗೇ ಬಂದದ್ದನ್ನು ಸಿದ್ದಕ್ಕ ಕಂಡಳು.

"ಏನಾತು?"

"ಗೋಡೆಗೆ ಸುಣ್ಣ ಹೊಡ್ದವ್ರೆ." ಗಂಟು ಕೆಳಗಿಟ್ಟು, ಐದು ವರ್ಷದಿಂದ ಹೇಳುತ್ತಿದ್ದುದನ್ನೇ ಹೇಳಿದ. "ಅವತ್ತು ಹಾಸು ಹಸಿ ಇತ್ತಕ್ಕ. ಇಲ್ಲದಿದ್ರೆ ಹೋಗ್ತಿದ್ದೆ."

ಸಿದ್ದಕ್ಕ ಕದಿರು ಕೆಳಗಿಟ್ಟಳು.

"ಆ ಬುಧವಾರ ಸಂಜೆ ಗಂಜಿ ಕಾಸಿದ್ದು ಯಾರು?"

ಓಬಣ್ಣ ಗಂಟನ್ನು ಗೋಡೆಗೆ ಸರಿಸಿದ.

"ನಾನು ಬೀಜಾನೂ ಹುರಿದಿರಲಿಲ್ಲ. ನೂಲು ಇನ್ನೆರಡು ಉಂಡೆ ಬಾಕಿ ಇತ್ತು. ಸೋಮವಾರ ಮಾಡಾಣ ಅಂದೆ. ನೀನೇ ಹುರಿದೆ, ನೀನೇ ರುಬ್ಬಿದೆ, ನೀನೇ ಕಾಸಿದೆ. ತಪ್ಪನ್ನ ಹಾಸಿನ ಮೇಲೆ ಯಾಕಪ್ಪ ಹಾಕ್ತೀಯ? ಅದಕ್ಕೆ ಬಾಯಿಲ್ಲ."

ಅವನಿಗೆ ಅದು ಗೊತ್ತಿಲ್ಲದ ವಿಷಯವಲ್ಲ. ಬೇರೊಬ್ಬರ ಬಾಯಲ್ಲಿ ಕೇಳಿರಲಿಲ್ಲ, ಅಷ್ಟೆ. ಹೆದರಿದ್ದೆ ಎಂದು ಹೇಳುವುದಕ್ಕಿಂತ ಒದ್ದೆಯಾಗಿತ್ತು ಎಂದು ಹೇಳುವುದು ಸುಲಭವಾಗಿತ್ತು. ಅವನು ಕುಣಿಗೆ ಇಳಿದು ಕೊನೆಯ ಹಾಳೆ ತೆಗೆದ. ಅಂಚುಗಳನ್ನು ಹುಳ ತಿಂದಿತ್ತು, ನಾಲ್ಕನೆಯ ಚೌಕ ನೆಟ್ಟಗಿತ್ತು. ಪೆನ್ಸಿಲ್ ಹಿಡಿದು ಅಭ್ಯಾಸವಿಲ್ಲದ ಕೈಯಲ್ಲಿ ಎರಡು ಗೂಟ ಬರೆದ, ನಡುವೆ ಗೆರೆಗಳು, ಗೆರೆಗಳ ಈಚೆ ಬದಿಯಲ್ಲಿ ಕುಂಚ ಹಿಡಿದ ಒಬ್ಬ ಗಿಡ್ಡ ಮನುಷ್ಯ. ಮನುಷ್ಯ ಎನ್ನುವುದಕ್ಕಿಂತ ಕುಂಚಕ್ಕೆ ಕಾಲು ಬಂದಂತಿತ್ತು. ಅದರ ಕೆಳಗೆ ‘ಗಂಜಿ ಕಾಸಿದ್ದು ನಾನೇ’ ಎಂದು ಬರೆದ. ಆಚೆ ಬದಿಯನ್ನು ಹಾಗೇ ಬಿಟ್ಟ.

ಮರುದಿನ ಸುರುಳಿಯನ್ನು ಮೂರ್ತಪ್ಪನಿಗೆ ಕೊಟ್ಟ. ಮೂರ್ತಪ್ಪನ ಮೀಸೆ ಈಗ ಅರ್ಧ ನರೆತಿತ್ತು.

"ಹುಬ್ಬಳ್ಳಿ ಏನು ನಿಮ್ಮ ಕುರುಬರ ಬೀದಿ ಅಂದ್ಕಂಡಿಯೇನು? ಎಲ್ಲಿ ಅಂತ ಹುಡುಕ್ಲಿ?"

"ಸಿನಿಮಾ ಬೋರ್ಡು ಬರೆಯೋರ ಹತ್ರ ಕೇಳ್ಸು. ಅಕ್ಷರದ ಬಾಲ ಗಿಡ್ಡ ಇರ್ತೈತೆ."

"ಬಾಲ ಹಿಡ್ಕಂಡು ಹುಡುಕ್ಬೇಕಾ? ಸರಿ ಬಿಡು," ಎಂದು ಮೂರ್ತಪ್ಪ ಸುರುಳಿಯನ್ನು ಟಿಕೆಟ್ ಚೀಲಕ್ಕೆ ತುರುಕಿದ. ಹುಬ್ಬಳ್ಳಿ ರೂಟಿನ ಕಂಡಕ್ಟರೊಬ್ಬ ಅವನ ಷಡ್ಡಕ.

ನಲವತ್ತು ದಿನ ಏನೂ ಬರಲಿಲ್ಲ. ಓಬಣ್ಣ ಎರಡು ಸಲ ಹಾಸು ಬಿಗಿದ, ಗೂಟ ಸುತ್ತಿ ಓಡಾಡಿದ. ಬಸ್ಸಿನ ಸದ್ದಾದಾಗ ತಲೆ ಎತ್ತುವುದನ್ನು ಬಿಡಲು ಪ್ರಯತ್ನಿಸಿದ, ಆಗಲಿಲ್ಲ. ನಲವತ್ತೊಂದನೆಯ ದಿನವೋ ಮರುದಿನವೋ ಮೂರ್ತಪ್ಪ ಇಳಿದು ಬಂದು ಸುರುಳಿ ಕೊಟ್ಟ.

ಅದೇ ಹಾಳೆ. ನಾಲ್ಕನೆಯ ಚೌಕದ ಆಚೆ ಬದಿ ಇನ್ನೂ ಖಾಲಿಯೇ ಇತ್ತು. ಯಾರನ್ನೂ ಬರೆದಿರಲಿಲ್ಲ. ಆದರೆ ಚೌಕದ ಹೊರಗಿನಿಂದ, ಕಾಣದವರ ಬಾಯಿಂದ ಹೊರಟಂತೆ, ಒಂದು ಮಾತಿನ ಗುಳ್ಳೆ ಗೆರೆ ದಾಟಿ ಒಳಗೆ ಬಂದಿತ್ತು.

‘ಒಣಗ್ತೇನಲೇ?’

ಹಾಳೆಯ ಮೂಲೆಯಲ್ಲಿ, ಚಿಕ್ಕದಾಗಿ, ಹುಬ್ಬಳ್ಳಿಯ ಒಂದು ಓಣಿಯ ಹೆಸರು, ಮನೆಯ ನಂಬರು.

ಓಬಣ್ಣ ಅದನ್ನು ನಿಂತೇ ಓದಿದ, ಕೂತು ಓದಿದ. "ಹುಬ್ಬಳ್ಳಿ ಬಸ್ಸು ಈಗ್ಲೂ ಹನ್ನೆರಡಕ್ಕೇನಾ?" ಎಂದು ಕೇಳಿದ.

"ಹನ್ನೆರಡೂಕಾಲು ಮಾಡವ್ರೆ," ಎಂದ ಮೂರ್ತಪ್ಪ. "ಕಾಲು ಗಂಟೆ ಜಾಸ್ತಿ ಸಿಕ್ಕೈತೆ ನಿಂಗೆ."

ಸಿದ್ದಕ್ಕ ಮುಂದಿನ ಹಾಸಿನ ನೂಲು ಸಿದ್ಧಮಾಡಿ ಇಟ್ಟಿದ್ದಳು. ಮರುದಿನ ಬೆಳಿಗ್ಗೆ ಎದ್ದು, ತಮ್ಮ ರಾತ್ರಿಯೇ ಕಾಸಿಟ್ಟಿರಬೇಕೆಂದು ಹಿತ್ತಿಲಿಗೆ ಗಂಜಿಯ ಮಡಕೆ ತರಲು ಹೋದಳು. ಮಡಕೆ ಒಣಗಿತ್ತು. ತೊಳೆದು ಕಲ್ಲಿನ ಮೇಲೆ ಬೋರಲು ಹಾಕಿತ್ತು. ಪಕ್ಕದಲ್ಲಿ ಎರಡು ಕುಂಚಗಳಿದ್ದ ಜಾಗದಲ್ಲಿ ಒಂದೇ ಉಳಿದಿತ್ತು.