ಕಡೇ ಗದ್ದೆಯ ನೀರು

ತೊಂಬತ್ತಾರನೇ ಇಸವಿ, ಏಪ್ರಿಲ್ ತಿಂಗಳು. ಶಿರಸಿಯಲ್ಲಿ ಯಲ್ಲಾಪುರದ ಬಸ್ ಹತ್ತುವಾಗ ನನ್ನ ಹೆಗಲ ಮೇಲೆ ಸ್ಕ್ರೂ ಜಾಕ್ ಇತ್ತು. ನನ್ನದು ಹಿಟ್ಟಿನ ಗಿರಣಿ. ಭಾರ ಎತ್ತೋಕೆ ಅದನ್ನ ಇಟ್ಕೊಂಡಿದ್ದೆ.

"ಯಾರ ಮನೆ ಎತ್ತೋಕೆ ಹೊರಟ್ರಿ?" ಅಂದ ಕಂಡಕ್ಟರ್.

"ಮನೆ ಅಲ್ಲ ಮಾರಾಯ, ಕೆರೆ ತೂಬಿನ ಕಲ್ಲು," ಅಂದೆ. ನಕ್ಕೊಂಡು ಜಾಕಿಗೂ ಒಂದು ಟಿಕೆಟ್ ಹರಿದ.

ಮಂಚಿಕೇರಿಯಲ್ಲಿ ತಂಗಿಯ ಗಂಡ ಮಂಜುನಾಥ ಕಾಯ್ತಾ ಇದ್ದ. ಅವನ ಊರಿಗೆ ಅಲ್ಲಿಂದ ಕಾಡುದಾರಿ. ಐದಾರು ಮನೆ, ಒಂದೇ ಬಾವಿ. ಆ ಬಾವಿ ಬತ್ತಿತ್ತು. ಎರಡು ಮನೆಗೆ ಆಗಲೇ ಬೀಗ ಬಿದ್ದಿತ್ತು.

"ಮೇಲಿನ ಹಳೇ ಕೆರೆ ನೀರು ಇಳಿದ್ರೆ ಉಳಿದ್ಯ ಭಾವ. ಇಲ್ದಿದ್ರೆ ಊರು ಬಿಡದೇಯ," ಅಂದ.

ಊಟಕ್ಕೆ ಅನ್ನ, ಅಪ್ಪೆಹುಳಿ. ಕೈ ತೊಳೆಯೋಕೆ ತಂಗಿ ಅರ್ಧ ಲೋಟ ನೀರು ಕೊಟ್ಟಳು, ನನ್ನ ಮುಖ ನೋಡದೆ.

ಮರುದಿನ ಬೆಳಿಗ್ಗೆ ಗುಡ್ಡ ಹತ್ತಿದ್ವಿ. ಮಂಜುನಾಥನ ಸೋದರತ್ತೆ ಗಂಗತ್ತೆಯೂ ಬಂದಳು. ಸ್ವಲ್ಪ ಏರು, ಆಮೇಲೆ ಸಪಾಟು. ಮತ್ತೆ ಏರು, ಮತ್ತೆ ಸಪಾಟು. ಕಾಲಿಂದ ತರಗೆಲೆ ಸರಿಸಿ ನೋಡಿದರೆ ಕೆಳಗೆ ಕಟ್ಟಿದ ಕಲ್ಲು. ನಾನು ಗುಡ್ಡ ಅಂದ್ಕೊಂಡದ್ದು ಗದ್ದೆ. ನಡುವೆ ತಬ್ಬೋಕೆ ಬಾರದಷ್ಟು ದಪ್ಪ ಮರಗಳು.

"ಸೋದೆ ಅರಸರಿಗಿಂತ ಹಿಂದಿನವು ಮಾಡಿದ್ದಡ," ಅಂದಳು ಗಂಗತ್ತೆ. "ಎಲ್ಲಿಗೆ ಹೋದವೋ, ಯಾರಿಗೂ ಗೊತ್ತಿಲ್ಲೆ."

ಒಂದು ಕಡೆ ಬೀಸೋ ಕಲ್ಲು ಬಿದ್ದಿತ್ತು. ನನ್ನ ಕಸುಬಿನದ್ದಲ್ವಾ, ಕೈ ಇಟ್ಟೆ. ಕಾಡಿನ ನೆರಳಲ್ಲಿ ಬಿದ್ದ ಕಲ್ಲು ತಣ್ಣಗಿರಬೇಕು. ಇದು ಬೆಚ್ಚಗಿತ್ತು. ಈಗಷ್ಟೇ ಬೀಸಿ ಎದ್ದುಹೋದ ಹಾಗೆ.

ಕೆರೆಯಲ್ಲಿ ಕಪ್ಪು ನೀರು ನಿಂತಿತ್ತು. ಹೂಳು ತೆಗೆದು, ತೂಬಿನ ಕಲ್ಲಿನ ಕೆಳಗೆ ಜಾಕ್ ಕೊಟ್ಟು ತಿರುಗಿಸಿದೆ. ಕಲ್ಲು ಎದ್ದಿತು. ಮಂಜುನಾಥ ಬಾವಿಯ ಕಡೆಗೆ ನೆಟ್ಟಗೆ ಕಾಲುವೆ ತೋಡಿಟ್ಟಿದ್ದ. ನೀರು ಅದರೊಳಗೆ ಹೋಗಲೇ ಇಲ್ಲ. ಬಲಕ್ಕೆ ತಿರುಗಿ ಮರಗಳ ನಡುವೆ ಹರಡಿತು. ಮೇಲಿನ ಗದ್ದೆ ತುಂಬಿ ಎಲೆಗಳೆಲ್ಲ ತೇಲಿದವು. ಬೇರುಗಳ ಅಡಿಯಲ್ಲಿ ಆ ಹಳೇ ಬದು ಇನ್ನೂ ಗಟ್ಟಿಯಾಗಿತ್ತು.

ಮಂಜುನಾಥ ಬದು ಕಡಿಯೋಕೆ ಗುದ್ದಲಿ ಎತ್ತಿದ.

"ಕಡಿಯಡ ತಮಾ! ಅವ್ರ ಸರದಿ ಮುಗೀಲಿ."

"ಯಾರ ಸರದಿ ಅತ್ತೆ? ಕೆರೆ ಖಾಲಿ ಆಗ್ತಾ ಇದ್ದು! ಇಲ್ಲಿ ಯಾರಿದ್ದ?"

"ಗದ್ದೆ ಇದ್ದಲ. ಮೇಲಿನ ಗದ್ದೆ ತುಂಬದೆ ಕೆಳಗಿನವು ನೀರು ಕೇಳ್ತ್ವಿಲ್ಲೆ."

ಅವರ ಊರಲ್ಲಿ ಹಾಗೇ ಪದ್ಧತಿ. ತೂಬಿನ ಹತ್ತಿರ ನಿಂತವನು ಆಗಾಗ "ಸಾಕನೋ?" ಅಂತ ಕೂಗ್ತಾನೆ. ಕಡೇ ಗದ್ದೆಯವನು ತನ್ನ ಗದ್ದೆ ತುಂಬಿದ ಮೇಲೆ "ಸಾಕೋ" ಅಂತಾನೆ. ಆಗ ತೂಬು ಮುಚ್ಚೋದು. ಅಲ್ಲೀವರೆಗೆ ಯಾರೂ ಬದು ಕಡಿಯೋ ಹಾಗಿಲ್ಲ. ಮಂಜುನಾಥ ಗುದ್ದಲಿ ಎಸೆದು ತಲೆ ಹಿಡ್ಕೊಂಡು ಕೂತ.

ಮಧ್ಯಾಹ್ನವೆಲ್ಲ ನೀರು ಗದ್ದೆಯಿಂದ ಗದ್ದೆಗೆ ಇಳೀತು. ಜಾಕನ್ನ ತೂಬಿನ ಕಲ್ಲಿನ ಕೆಳಗೇ ಬಿಟ್ಟು ನಾವೂ ಅದರ ಜೊತೆಗೇ ಇಳಿದ್ವಿ. ಕಾಡಿನೊಳಗೆ ಮೆಟ್ಟಿಲು ಮೆಟ್ಟಿಲಾಗಿ ನೀರು ಹೊಳೀತಿತ್ತು, ನಾಳೆ ನಾಟಿ ಅನ್ನೋ ಹಾಗೆ. ಒಂದು ಹಕ್ಕಿಯೂ ಕೂಗಲಿಲ್ಲ.

ಹೊತ್ತು ಇಳಿಯುವಾಗ ಕೊನೆಯ ಬದುವಿನ ಗಂಡಿಯಿಂದ ನೀರು ಹೊರಬಿತ್ತು. ಬಿದ್ದದ್ದು ಊರಿನ ಬಾವಿಗೇ. ಕಾಡು ನುಂಗಿದ ಆ ಹಾಳೂರಿನ ಕಡೇ ಗದ್ದೆಯಲ್ಲೇ ಇವರ ಮನೆಗಳಿದ್ದವು. ಅದು ಅವರಿಗೂ ಅವತ್ತೇ ಗೊತ್ತಾಗಿದ್ದು. ಊರಿಗೆ ಊರೇ ಬಾವಿಕಟ್ಟೆ ಸುತ್ತ ನಿಂತಿತ್ತು. ತಂಗಿ ಕೊಡ ಇಳಿಸಿ, ತುಂಬಿದ ಕೊಡ ಎತ್ತಿ ಅತ್ತಳು.

ಆಗ ಗುಡ್ಡದ ಮೇಲಿಂದ ಕೂಗು ಕೇಳಿಸಿತು.

"ಸಾಕನೋ?"

ಒಬ್ಬರ ಮುಖ ಒಬ್ಬರು ನೋಡಿದ್ವಿ. ಎಲ್ಲರೂ ಅಲ್ಲೇ ಇದ್ದರು. ಗಂಗತ್ತೆ ಸೆರಗು ಸರಿಮಾಡ್ಕೊಂಡು, ಬಾಯಿಗೆ ಕೈ ಹಿಡಿದು ಕೂಗಿದಳು.

"ಸಾಕೋ!"

ಸ್ವಲ್ಪ ಹೊತ್ತಿಗೆ ಗಂಡಿಯ ನೀರು ಸಣ್ಣದಾಗ್ತಾ ನಿಂತಿತು. ನನ್ನ ಜಾಕ್ ತಾನಾಗಿ ಇಳಿಯೋ ಜಾತಿಯದ್ದಲ್ಲ. ಹಿಡಿಕೆ ಹಿಡಿದು ತಿರುಗಿಸಬೇಕು.

ಮಾರನೇ ದಿನ ಹೊರಟಾಗ ಬೀಗ ಹಾಕಿದ್ದ ಒಂದು ಮನೆಯವರು ಸಾಮಾನು ಹೊತ್ತು ಎದುರಿಗೆ ಬಂದರು. ಜಾಕ್ ತರೋಕೆ ಮೇಲೆ ಹೋಗೋಣ ಅಂತ ಮಂಜುನಾಥನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಂಚಿಕೇರಿಯಲ್ಲಿ ಸಿಕ್ಕಿದ್ದು ಅದೇ ಕಂಡಕ್ಟರ್.

"ನಿಮ್ಮ ಜಾಕ್ ಎಲ್ರೀ?"

"ಅಲ್ಲೇ ಇದೆ. ಮುಂದಿನ ವರ್ಷವೂ ಅವರಿಗೆ ಬೇಕಲ್ಲ," ಅಂದೆ.