ಲ್ಯಾಟಿನ್ ಮೇಲೆ ಓಡಿದ ಬಸ್ಸು

ರಾಯಚೂರು ಜಿಲ್ಲೆಗೆ ಲ್ಯಾಟಿನ್ ತಂದವನೇ ನಾನು. ಸುಳ್ಳು ಬಿಡ್ರಿ, ಅದರಾಗ ನನಗ ಒಂದಕ್ಷರ ಬರಂಗಿಲ್ಲ. ಎಪ್ಪತ್ತರ ದಶಕದಲ್ಲಿ ದೇವದುರ್ಗದಿಂದ ಮಾನ್ವಿಗೆ ಹೊರಟ ಬಸ್ಸಿನಲ್ಲಿ, ಪಾದ್ರಿಯಾಗಲು ಓದುತ್ತಿದ್ದ ತರುಣನೊಬ್ಬ ನನ್ನ ಪಕ್ಕ ಲ್ಯಾಟಿನ್ ಪುಸ್ತಕ ಹಿಡಿದು ಬೆವರುತ್ತಿದ್ದ.

"ಇವತ್ತು ಬಾಯಿಪಾಠದ ಪರೀಕ್ಷಾ ಅದರೀ. ಮಂದಿ ಮುಂದ ನನಗ ದನಿನೇ ಹೊರಡಂಗಿಲ್ಲ. ಫೇಲಾದ್ರ ಮನಿಗೆ ಕಳಸ್ತಾರ," ಅಂದ.

ಅಷ್ಟರಲ್ಲಿ ಬಸ್ಸು ಕೆಟ್ಟು ನಿಂತಿತು. ಅವನು "ರೋಸಾ, ರೋಸೇ" ಎಂದು ಲ್ಯಾಟಿನ್ನಿನ ಗುಲಾಬಿ ಪದದ ವಿಭಕ್ತಿಗಳನ್ನು ಪಿಸುಗುಡುವಾಗಲೇ ಇಂಜಿನ್ ಮತ್ತೆ ಗುಡುಗಿತು.

"ಇವರ ಮಂತ್ರಕ್ಕ ಬಸ್ಸು ಎದ್ದದ!" ಎಂದು ನಾನು ಕೂಗಿದೆ.

ಹಿಂದಿನ ಸೀಟಿನ ಅಜ್ಜಿ ಬಿಟ್ಟಾಳೇ? "ಯಪ್ಪಾ, ಜೋರಾಗಿ ಅನ್ನು. ಬಸ್ಸು ನಿಂತ್ರ ನಿನ್ನ ಕೈಲೇ ತಳ್ಳಸ್ತೀನಿ!"

ಪಾಪ, ಮಾನ್ವಿ ತನಕ ವಿಭಕ್ತಿ ಮುಗಿಸಿ, ಪುಸ್ತಕದಲ್ಲಿದ್ದ ರೈತನ ಮಗಳ ಕಥೆಯನ್ನೂ ಕೂಗಿಯೇ ಓದಿದ. ಅದೇ ದನಿಯಲ್ಲಿ ಪರೀಕ್ಷೆ ಪಾಸೂ ಆದನಂತೆ.

ಅಜ್ಜಿ ಮಾತ್ರ ಕಂಡಾಗಲೆಲ್ಲ, "ಎಲ್ಲಿ ಆ ಸ್ವಾಮಿ? ನಮ್ಮ ಪಂಪ್‌ಸೆಟ್ ಕೆಟ್ಟದ," ಅಂತಿದ್ದಳು. ಈಗ ಕುಡಿದ ಚಹಾದ ದುಡ್ಡು ನೀವು ಕೊಡ್ರಿ, ಆ ಮಂತ್ರ ನಿಮಗೂ ಕಲಿಸ್ತೀನಿ.