ಮಂಟಪದ ಪಕ್ಕದ ಕಾಲುವೆ

ಹಂಪಿಯ ಆ ಕಲ್ಲುಗಾಲುವೆಯನ್ನು ಒಡೆಸಿದವಳು ನಾನು. ಮೇಸ್ತ್ರಿ ದುರುಗಪ್ಪನವರಲ್ಲ. ಒಂಬತ್ತು ವರ್ಷ ಈ ಮಾತನ್ನು ನುಂಗಿಕೊಂಡು ಬದುಕಿದ್ದೇನೆ — ಬರೀ ಬದುಕಿದ್ದೇನೆ ಎಂದರೆ ಅದೂ ಸುಳ್ಳಾಗುತ್ತದೆ, ಚೆನ್ನಾಗಿ ಬದುಕಿದ್ದೇನೆ. ಹೆಸರು ಮಾಡಿದ್ದೇನೆ. ನನ್ನ ಮೇಲೆ ನನಗೆ ಸಿಟ್ಟು ಬರುವುದೇ ಅದಕ್ಕೆ.

ನಾನು ಹೊಸಪೇಟೆಯವಳು, ಕಟ್ಟಡಗಳ ನಕ್ಷೆ ಮಾಡುವವಳು. ಹಂಪಿಯ ಒಂದು ಹಳೆಯ ಮಂಟಪದ ಹತ್ತಿರ ಪ್ರವಾಸಿಗರಿಗೆ ನೆರಳು, ಕುಡಿಯುವ ನೀರು, ಟಿಕೆಟ್ ಕಿಟಕಿ, ಶೌಚಾಲಯ ಎಲ್ಲ ಇರುವ ಒಂದು ಕಟ್ಟಡ ಬೇಕಾಗಿತ್ತು. ಆ ಕೆಲಸ ಸಿಕ್ಕಾಗ ನನಗೆ ಮೂವತ್ತೊಂದು ವರ್ಷ. ನಕ್ಷೆಯ ಜೊತೆ ಒಂದು ಟಿಪ್ಪಣಿ ಬರೆದುಕೊಟ್ಟಿದ್ದೆ: ಈ ಕಟ್ಟಡ ಮಂಟಪಕ್ಕಿಂತ ತಗ್ಗಾಗಿರುತ್ತದೆ, ಬಂಡೆಗುಡ್ಡಗಳ ನೋಟಕ್ಕೆ ಅಡ್ಡ ಬರುವುದಿಲ್ಲ, ನೆಲವನ್ನು ನೋಯಿಸುವುದಿಲ್ಲ. ಆಯ್ಕೆ ಮಾಡಿದವರಿಗೆ ಆ ಕೊನೆಯ ಮಾತು ಬಹಳ ಹಿಡಿಸಿತಂತೆ.

ಆ ಕೆಲಸಕ್ಕೆ ಮೇಸ್ತ್ರಿಯಾಗಿ ಬಂದ ದುರುಗಪ್ಪನವರು ಕಂಪ್ಲಿ ತಾಲ್ಲೂಕಿನ ಮೆಟ್ರಿಯವರು. ಅವರ ಅಪ್ಪ ಊರಿನ ಗದ್ದೆಗಳಿಗೆ ಕಾಲುವೆಯಿಂದ ನೀರು ಹಂಚುತ್ತಿದ್ದ ನೀರಗಂಟಿ. ಮಗ ಕಲ್ಲುಕೆಲಸ ಕಲಿತು, ಇಪ್ಪತ್ತು ವರ್ಷಕ್ಕೂ ಮೇಲೆ ಹಂಪಿಯಲ್ಲಿ ಬಿದ್ದ ಕಲ್ಲುಗಳನ್ನು ಎತ್ತಿ ಮತ್ತೆ ಕೂರಿಸುವ ಕೆಲಸ ಮಾಡಿದ್ದರು. ಮಾತು ಕಡಿಮೆ. ಕಲ್ಲನ್ನು ಮುಟ್ಟುವ ಮೊದಲು ಅಂಗೈಯಿಂದ ಅದರ ಮೇಲಿನ ಧೂಳು ಒರೆಸುತ್ತಿದ್ದರು.

ಶೌಚಾಲಯದ ತೊಟ್ಟಿಗೆ ಗುಂಡಿ ತೋಡುವಾಗ ಹಾರೆಗೆ ಕಲ್ಲು ಸಿಕ್ಕಿತು. ದುರುಗಪ್ಪನವರು ಕೆಲಸ ನಿಲ್ಲಿಸಿ ನನಗೆ ಫೋನ್ ಮಾಡಿದರು. ನಾನು ಹೋಗಿ ನೋಡಿದಾಗ ಮಣ್ಣು ಸರಿಸಿ ಇಟ್ಟಿದ್ದರು — ಮೊಳದಗಲದ ಕಲ್ಲುಗಾಲುವೆ, ಉಳಿಯ ಗುರುತು ಕೂಡ ಮಾಸಿರಲಿಲ್ಲ. ಒಂದು ಕೊಡ ನೀರು ತಂದು ಅದರ ತಲೆಯಲ್ಲಿ ಸುರಿದರು. ನೀರು ಎಲ್ಲೂ ತಡೆಯದೆ ಸಣ್ಣಗೆ ಸದ್ದು ಮಾಡುತ್ತ ಹರಿದು, ಆ ಕಡೆಯ ಮಣ್ಣಿನೊಳಗೆ ಮರೆಯಾಯಿತು.

"ಇನ್ನೂ ಜೀವ ಐತ್ರಿ ಮೇಡಂ ಇದಕ್ಕ," ಎಂದರು. "ಮಳಿ ನೀರು ಮಂಟಪದ ಬುಡಕ್ಕ ನಿಲ್ಲಬಾರ್ದಂತ ಮಾಡ್ಯಾರ. ಗುಂಡಿ ಒಂದೀಟು ಅತ್ತ ಸರಿಸ್ರಿ. ಮ್ಯಾಲಿನವ್ರಿಗೆ ಒಂದ್ ಮಾತು ತಿಳಿಸ್ರಿ."

ಹಳೆಯದೇನಾದರೂ ಸಿಕ್ಕರೆ ಕೆಲಸ ನಿಲ್ಲಿಸಿ ಸ್ಮಾರಕಗಳನ್ನು ನೋಡಿಕೊಳ್ಳುವ ಇಲಾಖೆಗೆ ತಿಳಿಸಬೇಕೆಂಬ ನಿಯಮ ನನಗೆ ಗೊತ್ತಿತ್ತು. ಯಾರೂ ನನ್ನ ಕೈ ಕಟ್ಟಿರಲಿಲ್ಲ. ಉದ್ಘಾಟನೆಗೆ ದಿನ ನಿಗದಿಯಾಗಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ — ಅದಲ್ಲ ಕಾರಣ. ಗುಂಡಿ ಸರಿಸಿದರೆ ಗೋಡೆ ಸರಿಯುತ್ತಿತ್ತು. ಗೋಡೆ ಸರಿದರೆ ಅಂಗಳದಲ್ಲಿ ನಿಂತವರಿಗೆ ಎರಡು ಗೋಡೆಗಳ ನಡುವೆ ನೇರವಾಗಿ ಗುಡ್ಡ ಕಾಣುತ್ತಿರಲಿಲ್ಲ. ಆ ಒಂದು ನೋಟದ ಮೇಲೆ ನನಗೆ ಮೋಹವಿತ್ತು. ಕಾಗದದ ಮೇಲಿನ ನನ್ನ ಗೆರೆ ಕೆಡಬಾರದಿತ್ತು, ಅಷ್ಟೇ.

"ಬರೀ ಕಲ್ಲು ಅದು. ತೆಗೀರಿ," ಎಂದೆ.

ಅವರು ತೆಗೆಯಲಿಲ್ಲ. ಹಾರೆಯನ್ನು ಮಣ್ಣಿನ ಗುಡ್ಡೆಗೆ ಒರಗಿಸಿ, ಟವೆಲ್ಲಿನಿಂದ ಕೈ ಒರೆಸಿಕೊಂಡು ದೂರ ಹೋಗಿ ಕೂತರು. ನಾನೇ ಜೆಸಿಬಿಯವನನ್ನು ಕರೆದು ಒಡೆಸಿದೆ. ಊಟದ ಹೊತ್ತಿಗೆ ಮುಗಿದುಹೋಗಿತ್ತು.

ಕಟ್ಟಡವನ್ನು ಎಲ್ಲರೂ ಹೊಗಳಿದರು. ಎರಡನೇ ಮಳೆಗಾಲದಲ್ಲಿ ಮಂಟಪದ ಬುಡದಲ್ಲಿ ನೀರು ನಿಂತು, ಮೂಲೆಯ ಕಂಬ ಕುಸಿದು, ಮೇಲಿನ ತೊಲೆ ಬಿರುಕುಬಿಟ್ಟಿತು. ವಿಚಾರಣೆಗೆ ಬಂದ ಅಧಿಕಾರಿಗಳಿಗೆ ಮಣ್ಣಿನ ಗುಡ್ಡೆಯಲ್ಲಿ ಕಾಲುವೆಯ ಚೂರುಗಳು ಸಿಕ್ಕವು. ನಾನು ಕಟ್ಟಿದ ನೆರಳಿನಲ್ಲೇ ಮೇಜು ಹಾಕಿಕೊಂಡು ಕೇಳಿದರು: ಇದನ್ನು ಒಡೆದವರು ಯಾರು?

"ಮೇಸ್ತ್ರಿ ನನ್ನನ್ನ ಕೇಳದೇ ತೆಗೆಸಿದ್ದಾರೆ, ಸರ್. ನನಗೆ ಗೊತ್ತಾಗೋ ಹೊತ್ತಿಗೆ ಮುಚ್ಚಿಬಿಟ್ಟಿದ್ರು."

ಎಷ್ಟು ಸಲೀಸಾಗಿ ಬಂತು ಆ ಮಾತು! ಎಷ್ಟು ಸಲೀಸಾಗಿ ನಂಬಿದರು! ಇಪ್ಪತ್ತು ವರ್ಷ ಹಳೆಯ ಕಲ್ಲನ್ನು ಜೋಪಾನ ಮಾಡಿದ ಮನುಷ್ಯ ಯಾಕಾಗಿ ಒಡೆದಾನು ಎಂದು ಒಬ್ಬರೂ ಕೇಳಲಿಲ್ಲ. ಜೆಸಿಬಿಯವನನ್ನು ಯಾರೂ ಹುಡುಕಲಿಲ್ಲ. ನಾನು ಓದಿದವಳು, ನುಣ್ಣಗೆ ಮಾತಾಡುವವಳು. ಅವರು ಮಣ್ಣು ಮೆತ್ತಿದ ಕಾಲಿನವರು. ಇಷ್ಟೇ ಸಾಕ್ಷಿ. ಆ ಅಧಿಕಾರಿಗಳ ಮೇಲೆ ನನಗೆ ಇಂದಿಗೂ ಕೋಪವಿದೆ — ಆದರೆ ಅವರು ಹೀಗೇ ನಂಬುತ್ತಾರೆಂದು ಗೊತ್ತಿದ್ದೇ ನಾನು ಸುಳ್ಳು ಹೇಳಿದ್ದು.

ದುರುಗಪ್ಪನವರನ್ನು ಕರೆಸಿದರು. ಅವರು ನನ್ನ ಮುಖ ನೋಡಿದರು. ನಾನು ಕಾಗದ ನೋಡುತ್ತಿದ್ದೆ.

"ಮೇಡಂ ಹೆಂಗ ಹೇಳ್ಯಾರೋ ಹಂಗ ಬರ್ಕೊಳ್ರಿ," ಎಂದಷ್ಟೇ ಹೇಳಿ ಹೊರಟುಹೋದರು.

ಹಂಪಿಯ ಯಾವ ಸ್ಮಾರಕದಲ್ಲೂ ಅವರಿಗೆ ಕೆಲಸ ಕೊಡಕೂಡದೆಂದು ಆದೇಶವಾಯಿತು. ಸಂಡೂರಿನ ಬಂಡ್ರಿಯಲ್ಲಿ ಹೆಂಡತಿಯ ತವರಿತ್ತು. ಅಲ್ಲಿದ್ದುಕೊಂಡು ಗಣಿ ಕೂಲಿಗೆ ಹೋದರಂತೆ. ಕಲ್ಲು ಕೂರಿಸುತ್ತಿದ್ದ ಕೈ ಅದಿರು ಒಡೆಯಿತು. ಅದೇ ವರ್ಷ ನನಗೆ ಪ್ರಶಸ್ತಿ ಬಂತು. ನೆಲದ ಮಾತು ಕೇಳಿ ಕಟ್ಟುವುದು ಹೇಗೆ ಎಂದು ವಿದ್ಯಾರ್ಥಿಗಳಿಗೆ ಭಾಷಣ ಮಾಡಿದೆ. ಆ ಭಾಷಣದ ಧ್ವನಿಮುದ್ರಣ ಈಗಲೂ ಇದೆ, ಕೇಳಿದರೆ ಹೇಸಿಗೆಯಾಗುತ್ತದೆ.

ಹೋದ ತಿಂಗಳು ಮೆಟ್ರಿಗೆ ಹೋದೆ. ದುರುಗಪ್ಪನವರು ಕೆಮ್ಮು ಹೆಚ್ಚಾಗಿ ಗಣಿ ಬಿಟ್ಟು ಊರಿಗೆ ಬಂದಿದ್ದಾರೆಂದು ತಿಳಿದಿತ್ತು. ಮನೆಯ ಮುಂದೆ ಕೂತು ಸಲಿಕೆಗೆ ಹೊಸ ಮರದ ಕಾವು ಕೂರಿಸುತ್ತಿದ್ದರು. ಗುರುತು ಹಿಡಿದರು. ಕುಂದ್ರಿ ಅನ್ನಲಿಲ್ಲ. ನಮ್ಮ ಕಡೆ ದಾರಿಹೋಕರಿಗೂ ಅನ್ನುತ್ತಾರೆ. ಒಳಗಿನಿಂದ ನೀರಿನ ತಂಬಿಗೆ ಹಿಡಿದು ಬಂದ ಹೆಂಡತಿ ಹುಲಿಗೆಮ್ಮನವರು ನನ್ನನ್ನು ನೋಡಿ ಹಾಗೇ ತಿರುಗಿ ಒಳಗೆ ಹೋದರು.

ನಾನು ನಿಂತುಕೊಂಡೇ ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ.

"ನನಗ ಹೇಳಿದ್ರ ಏನ್ ಬಂತ್ರಿ? ನನಗ ಗೊತ್ತಿದ್ದದ್ದ ಐತಲ್ಲ ಅದು. ಗೊತ್ತಿಲ್ಲದವ್ರಿಗೆ ಹೇಳ್ರಿ. ನನ್ನ ಮಗಳು ಕೇಳ್ತಾಳ — ಯಪ್ಪಾ, ಖರೇನ ನೀನ ಒಡದಿಯೇನು ಅಂತ. ಆಕಿಗೆ ಗೊತ್ತಿಲ್ಲ."

ಅದಕ್ಕಾಗಿ ಇದನ್ನು ಬರೆದಿದ್ದೇನೆ. ಕ್ಷಮೆ ಅವರು ಕೊಡಲಿಲ್ಲ, ನಾನು ಮತ್ತೆ ಕೇಳುವುದೂ ಇಲ್ಲ.

ಇದೇ ಮಾತನ್ನು ಅರ್ಜಿಯಾಗಿ ಬರೆದು, ಸಹಿ ಹಾಕಿ ಆ ಇಲಾಖೆಯ ಕಚೇರಿಗೆ ಕೊಟ್ಟೆ. ಒಬ್ಬ ಅಧಿಕಾರಿ ಫೋನ್ ಮಾಡಿ, ಮುಗಿದ ಕಡತ ಮೇಡಂ, ಈಗ ಯಾಕೆ ಬಿಡಿ, ನಿಮ್ಮ ಹೆಸರೇ ಕೆಡುತ್ತದೆ ಎಂದು ನಯವಾಗಿ ಹೇಳಿದರು. ಕೆಡಲಿ. ಆದೇಶದಿಂದ ದುರುಗಪ್ಪನವರ ಹೆಸರು ಹೊಡೆದುಹಾಕಿ ಅಲ್ಲಿ ನನ್ನದನ್ನು ಬರೆಯುವವರೆಗೂ ನಾನು ಆ ಕಚೇರಿಯ ಮೆಟ್ಟಿಲು ಹತ್ತುವುದನ್ನು ಬಿಡುವುದಿಲ್ಲ. ಕಾಲುವೆಯನ್ನು ಮತ್ತೆ ಕಟ್ಟಬೇಕಾದರೆ ನನ್ನ ಶೌಚಾಲಯವನ್ನೂ ಅಂಗಳದ ಎರಡು ಗೋಡೆಗಳನ್ನೂ ಕೆಡವಬೇಕು. ಮೊದಲು ಯಾವ ಗೋಡೆಯನ್ನು ಕೆಡವಬೇಕೆಂದು ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಅರ್ಜಿಯ ಜೊತೆ ಇಟ್ಟಿದ್ದೇನೆ.